ಒಣಸೀಮೆಯ ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಣಾ ಘಟಕ): ಬರೋ ನೀರು ಅರ್ಧ, ಆದರೂ ಕೆಸರು ತೇಲ್ತಿದೆ, ಕೆಳಗಿನ ಹೊಲದಲ್ಲಿ ಉಪ್ಪು ಏಳ್ತಿದೆ

ಎರೆನೆಲ
ಕೃಷ್ಣಾ–ಭೀಮಾ ನಡುವಿನ ಒಂದು ಪುರಸಭೆ ಊರು, ಹೆಸರು ಬೇಡ. 6 ಎಂಎಲ್‌ಡಿಯ (ಒಂದು ಎಂಎಲ್‌ಡಿ ಅಂದರೆ ದಿನಕ್ಕೆ 10 ಲಕ್ಷ ಲೀಟರ್) ಎಸ್‌ಬಿಆರ್ ಘಟಕ, ಅಂದರೆ ಒಂದೇ ತೊಟ್ಟಿಯಲ್ಲಿ ಸರದಿಯಂತೆ ಗಾಳಿ ಬಿಟ್ಟು, ಕೆಸರು ಕೂರಿಸಿ, ನೀರು ತೆಗೆಯೋದು. ಎರಡು ತೊಟ್ಟಿ, ಒಂದೊಂದೂ 2,000 ಘನ ಮೀಟರ್, 5 ಮೀಟರ್ ಆಳ. 4 ಗಂಟೆಯ ಸರದಿ: 2 ಗಂಟೆ ತುಂಬುತ್ತಾ ಗಾಳಿ, 1 ಗಂಟೆ ತಿಳಿಯಾಗಲು, 1 ಗಂಟೆ ಮೇಲಿನ ನೀರು ತೆಗೆಯಲು.

ಏಪ್ರಿಲ್‌ನಲ್ಲಿ ಒಳಗೆ ಬರ್ತಿರೋದು 3.4 ಎಂಎಲ್‌ಡಿ ಅಷ್ಟೆ. ವಿನ್ಯಾಸದಲ್ಲಿ ಬಿಒಡಿ (ಕೊಳೆ ಕರಗೋಕೆ ಬೇಕಾದ ಆಮ್ಲಜನಕ, ಲೀಟರಿಗೆ ಮಿ.ಗ್ರಾಂ) 250 ಅಂತ ಹಿಡಿದಿದ್ದಾರೆ, ಲ್ಯಾಬ್‌ನಲ್ಲಿ 470 ಬರ್ತಿದೆ. ಎಂಎಲ್‌ಎಸ್‌ಎಸ್ (ತೊಟ್ಟಿಯ ನೀರಿನಲ್ಲಿರೋ ಕೆಸರು, ಲೀಟರಿಗೆ ಮಿ.ಗ್ರಾಂ) 5,200. ಗಾಳಿ ಬಿಟ್ಟ ಮೊದಲ ಗಂಟೆ ಡಿಒ (ನೀರಿನಲ್ಲಿ ಕರಗಿದ ಆಮ್ಲಜನಕ) 0.4 ದಾಟಲ್ಲ, ಕೊನೇ ಹೊತ್ತಿಗೆ 3.5ಕ್ಕೆ ಹಾರುತ್ತೆ.

ತೊಂದರೆ ಎರಡು. ಒಂದು, ಕೆಸರು ಚೆನ್ನಾಗಿ ಕೂರುತ್ತೆ, ಆಮೇಲೆ ಮುಕ್ಕಾಲು ಗಂಟೆಗೆ ಚಪ್ಪಟೆ ಚಪ್ಪಟೆ ಹೆಂಟೆಯಾಗಿ ಮೇಲೆದ್ದು, ಮೇಲಿನ ನೀರು ತೆಗೆಯೋ ಡಿಕ್ಯಾಂಟರ್‌ ಜೊತೆ ಹೊರಗೆ ಹೋಗುತ್ತೆ. ಹೊರಹೋಗುವ ನೀರಿನ ಟಿಎಸ್‌ಎಸ್ (ತೇಲಾಡೋ ಕಣ) 60–70. ಎರಡು, ಕೆಳಗಿನ ರೈತರು ಆ ನೀರನ್ನೇ ಈರುಳ್ಳಿಗೆ ಹಾಯಿಸ್ತಾರೆ. ಸಾಲಿನ ಬೋದಿನ ಮೇಲೆ ಬಿಳಿ ಪುಡಿ ಏಳ್ತಿದೆ, ಎಲೆ ತುದಿ ಸುಡ್ತಿದೆ. ನೀರಿನ ಇಸಿ (ಉಪ್ಪು ಎಷ್ಟಿದೆ ಅಂತ ತೋರಿಸೋ ವಿದ್ಯುತ್ ವಾಹಕತೆ) 2.2, ಟಿಡಿಎಸ್ (ಕರಗಿದ ಒಟ್ಟು ಲವಣ) 1,400 ಆಸುಪಾಸು.

"ಸಾಮರ್ಥ್ಯದಷ್ಟು ನೀರೇ ಬರ್ತಿಲ್ಲ, ಓವರ್‌ಲೋಡ್ ಅನ್ನೋ ಮಾತೇ ಇಲ್ಲ" ಅಂತ ನಿರ್ವಹಣೆಯವರ ವಾದ. ಮೊದಲು ಏನು ಸರಿ ಮಾಡಬೇಕು?

ಕಿಲೋ ಲೆಕ್ಕ
ಲೀಟರ್ ಬಿಡಿ, ಕಿಲೋದಲ್ಲಿ ಲೆಕ್ಕ ಹಾಕಿ.

ವಿನ್ಯಾಸ: 6 ಎಂಎಲ್‌ಡಿ × 250 = ದಿನಕ್ಕೆ 1,500 ಕಿಲೋ ಬಿಒಡಿ.
ಈಗ: 3.4 × 470 = 1,598 ಕಿಲೋ.

ನೀರಿನಲ್ಲಿ ಘಟಕ 57% ತುಂಬಿದೆ, ಕೊಳೆಯಲ್ಲಿ 106%. ನಿರ್ವಹಣೆಯವರ ವಾದ ಇಲ್ಲಿಗೇ ಬಿತ್ತು.

ಲ್ಯಾಬ್ ಅಂಕಿ ನಂಬಬಹುದಾ ಅಂತಲೂ ನೋಡಿಬಿಡೋಣ. ಕೇಂದ್ರದ ಕೈಪಿಡಿ ತಲೆಗೆ ದಿನಕ್ಕೆ 27 ಗ್ರಾಂ ಬಿಒಡಿ ಹಿಡಿಯುತ್ತೆ. 1,598 ಕಿಲೋ ಅಂದರೆ ಸುಮಾರು 59,000 ಜನ. 34 ಲಕ್ಷ ಲೀಟರ್ ಅಷ್ಟು ಜನಕ್ಕೆ ಹಂಚಿದರೆ ತಲೆಗೆ 57–58 ಲೀಟರ್ ಕೊಳಚೆ. ಬಳಸಿದ ನೀರಿನಲ್ಲಿ 80% ಒಳಚರಂಡಿಗೆ ಬರುತ್ತೆ ಅಂದರೆ ಸರಬರಾಜು ತಲೆಗೆ 72 ಲೀಟರ್. ಎರಡು–ಮೂರು ದಿನಕ್ಕೊಮ್ಮೆ ನಲ್ಲಿ ಬಿಡೋ ಊರಲ್ಲಿ ಇದು ನಂಬುವಂಥ ಅಂಕಿಯೇ. ವಿನ್ಯಾಸ ಮಾಡಿದವರು 135 ಲೀಟರ್ ಸರಬರಾಜು ಹಿಡಿದಿದ್ದಾರೆ. 135ರ 80% ಅಂದರೆ 108 ಲೀಟರ್, ಅದರಲ್ಲಿ 27 ಗ್ರಾಂ, ಅಂದರೆ ಲೀಟರಿಗೆ 250 ಮಿ.ಗ್ರಾಂ. ಆ 250 ಅನ್ನೋ ಅಂಕಿ ಬಂದಿದ್ದೇ ಅಲ್ಲಿಂದ.

ಮನುಷ್ಯ ಹೊರಹಾಕುವ ಕೊಳೆ ನೀರು ಕಡಿಮೆ ಆಯ್ತು ಅಂತ ಕಡಿಮೆ ಆಗಲ್ಲ. ಒಣಸೀಮೆಯ ಪ್ರತಿ ಡಿಪಿಆರ್‌ನಲ್ಲೂ (ವಿವರವಾದ ಯೋಜನಾ ವರದಿ) ಈ ಒಂದು ಸಾಲು ಇರಬೇಕು.

ವೆಟ್‌ವೆಲ್
👆 ಈ ಲೆಕ್ಕ ಪ್ರತಿ ಪುರಸಭೆ ಎಂಜಿನಿಯರ್ ಮೇಜಿನ ಮೇಲೆ ಅಂಟಿಸಬೇಕು.

ಗಾಳಿಗುಳ್ಳೆ
ಕೆಸರು ತೇಲೋದರಲ್ಲಿ ಎರಡು ಬಗೆ ಇದೆ. ಮದ್ದು ಪೂರ್ತಿ ಬೇರೆ ಬೇರೆ, ಹಾಗಾಗಿ ಮೊದಲು ಸಿಲಿಂಡರ್ ಪರೀಕ್ಷೆ ಮಾಡಿ.

ಗಾಳಿ ನಿಲ್ಲೋ 5 ನಿಮಿಷ ಮುಂಚೆ ತೊಟ್ಟಿಯಿಂದ 1 ಲೀಟರ್ ತೆಗೆದು ಅಳತೆ ಸಿಲಿಂಡರ್‌ಗೆ ಸುರಿಯಿರಿ. ಅಲುಗಾಡಿಸಬೇಡಿ, ನೆರಳಲ್ಲಿಡಿ. 30 ನಿಮಿಷಕ್ಕೆ ಕೆಸರಿನ ಮಟ್ಟ ಬರೆದುಕೊಳ್ಳಿ. ಅಲ್ಲಿಗೇ ಚೆಲ್ಲಬೇಡಿ, ಎಲ್ಲರೂ ತಪ್ಪೋದು ಇಲ್ಲೇ. 2 ಗಂಟೆ ಹಾಗೇ ಬಿಡಿ.

ಕೆಸರು ಮೊದಲು ಕೂತು, ಮೇಲೆ ತಿಳಿನೀರು ನಿಂತು, ಆಮೇಲೆ ಗಾಜಿನ ಗೋಡೆಗೆ ಸಣ್ಣ ಸಣ್ಣ ಗುಳ್ಳೆ ಅಂಟಿ ಇಡೀ ಮುದ್ದೆ ಬಿರಡೆ ಥರ ಮೇಲೆ ಬಂದರೆ ಅದು ನೈಟ್ರೇಟ್ ಕೆಲಸ. ಗಾಜಿನ ಕಡ್ಡಿಯಿಂದ ಮೆಲ್ಲಗೆ ತಿರುವಿದರೆ ಗುಳ್ಳೆ ಬಿಟ್ಟು ಮತ್ತೆ ಕೆಳಗೆ ಹೋಗುತ್ತೆ. ಮೊದಲಿಂದಲೂ ಕೂರದೆ ಹತ್ತಿಯಂತೆ ಉಬ್ಬಿಕೊಂಡೇ ಇದ್ದರೆ ಅದು ನೂಲುಜೀವಿಗಳ (ನೂಲಿನಂತೆ ಬೆಳೆಯೋ ಬ್ಯಾಕ್ಟೀರಿಯಾ) ಕಾಟ. 30 ನಿಮಿಷದ ಮಿ.ಲೀ. ಅನ್ನು ಎಂಎಲ್‌ಎಸ್‌ಎಸ್ ಗ್ರಾಂನಿಂದ ಭಾಗಿಸಿ. 150ರ ಒಳಗಿದ್ದರೆ ಕೂರೋ ಗುಣ ಸರಿ ಇದೆ. 200 ದಾಟಿದರೆ ನೂಲು.

ನೀವು ಹೇಳಿದ್ದು ನೋಡಿದರೆ ಮೊದಲನೆಯದು. ಬೇಸಿಗೆಯಲ್ಲಿ ಕೊಳಚೆ ನೀರು 32–33 ಡಿಗ್ರಿ ಇರುತ್ತೆ, ಅಮೋನಿಯಾ ಬೇಗ ನೈಟ್ರೇಟ್ ಆಗುತ್ತೆ. ಗಾಳಿ ನಿಲ್ಲಿಸಿ ಕೆಸರು ಕೂತಾಗ ಅದರ ಒಳಗೆ ಆಮ್ಲಜನಕ ಮುಗಿಯುತ್ತೆ. ಬ್ಯಾಕ್ಟೀರಿಯಾ ಆಗ ನೈಟ್ರೇಟ್‌ನಲ್ಲಿರೋ ಆಮ್ಲಜನಕ ಕಿತ್ತುಕೊಂಡು ಸಾರಜನಕ ಅನಿಲ ಬಿಡುತ್ತೆ. ಆ ಗುಳ್ಳೆಗಳೇ ಕೆಸರನ್ನು ಎತ್ತೋದು.

ಮಸಾರಿ
ಡಿಒ 0.4 ಅಂದ್ರೆ ಗಾಳಿ ಸಾಲ್ತಿಲ್ಲ. ಇನ್ನೊಂದು ಬ್ಲೋವರ್ (ಗಾಳಿ ಊದೋ ಯಂತ್ರ) ಹಾಕಿ, ಮುಗೀತು.

ಗಾಳಿಗುಳ್ಳೆ
@ಮಸಾರಿ, ಕೊನೆಯಲ್ಲಿ 3.5 ಇದೆಯಲ್ಲ. ಬ್ಲೋವರ್ ಸೇರಿಸಿದರೆ ಕೊನೇ ಗಂಟೆ 5 ಆಗುತ್ತೆ, ನೈಟ್ರೇಟ್ ಇನ್ನೂ ಜಾಸ್ತಿ ಆಗುತ್ತೆ, ಕೆಸರು ಇನ್ನೂ ಬೇಗ ತೇಲುತ್ತೆ. ಕರೆಂಟ್ ಬಿಲ್ಲೂ ಏರುತ್ತೆ.

ಟ್ವಿನ್‌ಲೋಬ್
ಬ್ಲೋವರ್ ಸೇರಿಸೋ ಮೊದಲು ಇರೋ ಬ್ಲೋವರ್ ಗಾಳಿ ಎಲ್ಲಿ ಹೋಗ್ತಿದೆ ನೋಡಿ.

ಬ್ಲೋವರ್ ಫಲಕದಲ್ಲಿ ಬರೆದಿರೋ ಗಂಟೆಗೆ ಇಷ್ಟು ಘನ ಮೀಟರ್ ಅನ್ನೋದು ಸಮುದ್ರಮಟ್ಟದ 20 ಡಿಗ್ರಿ ಗಾಳಿಗೆ ಕೊಟ್ಟ ಅಂಕಿ ಅಂದುಕೊಳ್ಳಿ. 42 ಡಿಗ್ರಿಯಲ್ಲಿ ಗಾಳಿ 7% ಹಗುರ. ಸಮುದ್ರಮಟ್ಟದಿಂದ 600 ಮೀಟರ್ ಎತ್ತರದಲ್ಲಿ ಇನ್ನೊಂದು 7%. ಎರಡೂ ಸೇರಿದರೆ ಅದೇ ಘನ ಮೀಟರ್‌ನಲ್ಲಿ ಆಮ್ಲಜನಕ 13–14% ಕಡಿಮೆ. ಬ್ಲೋವರ್ ಕೋಣೆಯ ಕಿಟಕಿ ಮುಚ್ಚಿದ್ದರೆ ಒಳಗೆ ಹೊರಗಿಗಿಂತ ಹೆಚ್ಚು ಬಿಸಿ. ಗಾಳಿ ಎಳೆಯುವ ಪೈಪನ್ನು ಗೋಡೆ ಆಚೆ, ಉತ್ತರದ ನೆರಳಿಗೆ ತಿರುಗಿಸಿ. ಫಿಲ್ಟರ್ ತಿಂಗಳಿಗೊಮ್ಮೆ ಅಂತ ಪುಸ್ತಕದಲ್ಲಿ ಇರುತ್ತೆ, ಬೇಸಿಗೆಯ ಧೂಳಿಗೆ ವಾರಕ್ಕೊಮ್ಮೆ ಕೊಡವಬೇಕು.

ಆಮೇಲೆ ಗಾಳಿಯ ಮುಖ್ಯ ಪೈಪು, ಅಂದರೆ ಹೆಡರ್ ಮೇಲಿನ ಒತ್ತಡ. ತಳದಲ್ಲಿ ಗಾಳಿ ಗುಳ್ಳೆ ಬಿಡೋ ಡಿಫ್ಯೂಸರ್ ಮೇಲೆ 5 ಮೀಟರ್ ನೀರು ಅಂದರೆ 0.49 ಬಾರ್. ಪೈಪು, ಡಿಫ್ಯೂಸರ್‌ಗೆ ಇನ್ನೊಂದು 0.05–0.08. ಗೇಜ್ 0.55–0.57 ತೋರಿಸಿದರೆ ಆರೋಗ್ಯ. 0.65 ಕಡೆ ಹೋಗ್ತಿದ್ದರೆ ರಬ್ಬರ್ ಪೊರೆಯ ತೂತುಗಳಲ್ಲಿ ಸುಣ್ಣ ಕಟ್ಟಿದೆ. ಬೋರ್ ನೀರಿನ ಊರಲ್ಲಿ ಇದು ಸಾಮಾನ್ಯ. ಆಗ ರಿಲೀಫ್ ವಾಲ್ವ್ ಸುಂಯ್ ಅಂತಾ ಗಾಳಿಯನ್ನು ಕೋಣೆಯೊಳಗೇ ಬಿಡ್ತಿರುತ್ತೆ. ಬ್ಲೋವರ್ ಓಡ್ತಿದೆ, ಕರೆಂಟ್ ಉರೀತಿದೆ, ತೊಟ್ಟಿಗೆ ಮಾತ್ರ ಗಾಳಿ ಹೋಗ್ತಿಲ್ಲ. ಮೋಟಾರ್ ಆಂಪಿಯರ್ ಏರಿದ್ದರೆ ಒತ್ತಡ ಏರಿದೆ ಅಂತ, ಇಳಿದಿದ್ದರೆ ಬೆಲ್ಟ್ ಜಾರ್ತಿದೆ ಅಂತ.

ತೊಟ್ಟಿಯ ಮೇಲ್ಮೈ ನೋಡಿ. ಎಲ್ಲ ಕಡೆ ಸಣ್ಣ ಗುಳ್ಳೆ ಸಮನಾಗಿ ಬಂದರೆ ಸರಿ. ಒಂದು ಕಡೆ ಅನ್ನ ಕುದಿದ ಹಾಗೆ ದೊಡ್ಡ ಗುಳ್ಳೆ ಬಂದರೆ ಅಲ್ಲಿ ಪೊರೆ ಹರಿದಿದೆ, ಉಳಿದ ಕಡೆಯ ಗಾಳಿಯೆಲ್ಲ ಆ ತೂತಿಗೇ ಓಡ್ತಿದೆ.

ಎರೆನೆಲ
ಗೇಜ್ 0.63. ಮೂಲೆಯಲ್ಲಿ ಒಂದು ಕಡೆ ದೊಡ್ಡ ಗುಳ್ಳೆಯೂ ಇದೆ.

ಟ್ವಿನ್‌ಲೋಬ್
ಹಾಗಿದ್ರೆ ಅದೇ ಮೊದಲ ಕೆಲಸ. ಮಳೆಗಾಲಕ್ಕೆ ಕಾಯಬೇಡಿ. ನೀರು ಅರ್ಧ ಇರೋದು ಇದಕ್ಕೆ ಅನುಕೂಲ, ಒಂದೊಂದೇ ತೊಟ್ಟಿ ಖಾಲಿ ಮಾಡಿ. ಪೊರೆಗಳನ್ನು ಮೆತ್ತನೆ ಬ್ರಶ್ ಹಾಕಿ, ತೆಳು ಆಮ್ಲದಲ್ಲಿ ಒರೆಸಿ, ಚೆನ್ನಾಗಿ ತೊಳೀರಿ. ಹರಿದದ್ದು ಬದಲಿಸಿ. ತೊಟ್ಟಿ ಖಾಲಿ ಇಟ್ಟು ಪೊರೆಗೆ ಬಿಸಿಲು ಬೀಳೋಕೆ ಬಿಡಬೇಡಿ. ಒಂದೆರಡು ಅಡಿ ನೀರು ನಿಲ್ಲಿಸಿ, ಇಲ್ಲಾಂದ್ರೆ ರಬ್ಬರ್ ಬಿರುಸಾಗಿ ಮತ್ತೆ ಹರಿಯುತ್ತೆ.

ಕಿಲೋ ಲೆಕ್ಕ
ಗಾಳಿ ಎಷ್ಟು ಬೇಕು ಅನ್ನೋದೂ ಕಿಲೋದಲ್ಲೇ ಇರಲಿ. ಬಿಒಡಿ ಕಿಲೋಗೆ 1.2 ಕಿಲೋ ಆಮ್ಲಜನಕ ಅಂದರೆ 1,900 ಕಿಲೋ. ಸಾರಜನಕ ತಲೆಗೆ 6 ಗ್ರಾಂ ಅಂದುಕೊಂಡರೆ 354 ಕಿಲೋ, ಅದರಲ್ಲಿ 75 ಕಿಲೋ ಕೆಸರೇ ಹೀರಿಕೊಳ್ಳುತ್ತೆ. ಉಳಿದ 280 ಕಿಲೋ ನೈಟ್ರೇಟ್ ಆಗೋಕೆ ಕಿಲೋಗೆ 4.57ರಂತೆ ಸುಮಾರು 1,280 ಕಿಲೋ ಆಮ್ಲಜನಕ. ಒಟ್ಟು 3,180.

ಆ ನೈಟ್ರೇಟ್‌ನಲ್ಲಿ ಮುಕ್ಕಾಲು ಪಾಲನ್ನು ಗಾಳಿ ನಿಲ್ಲಿಸಿದ ಹೊತ್ತಲ್ಲಿ ಬ್ಯಾಕ್ಟೀರಿಯಾಕ್ಕೆ ತಿನ್ನಿಸಿದರೆ ಕಿಲೋಗೆ 2.86ರಂತೆ 600 ಕಿಲೋ ವಾಪಸ್ ಸಿಗುತ್ತೆ. ಬಿಟ್ಟಿ ಆಮ್ಲಜನಕ ಅದು. ಹೊಸ ಬ್ಲೋವರ್ ದುಡ್ಡು ಉಳಿಯುತ್ತೆ, ಕೆಸರು ತೇಲೋದೂ ನಿಲ್ಲುತ್ತೆ.

ಗಾಳಿಗುಳ್ಳೆ
ಅದಕ್ಕೆ ಸರದಿ ಬದಲಿಸಬೇಕು. ನೀರು ಕಡಿಮೆ ಇದೆ ಅನ್ನೋದನ್ನೇ ಬಳಸ್ಕೊಳ್ಳಿ. 4 ಗಂಟೆಯ ಸರದಿಯನ್ನು 6 ಗಂಟೆ ಮಾಡಿ. ಎರಡು ತೊಟ್ಟಿಗೆ ದಿನಕ್ಕೆ 8 ಸರದಿ, ಒಂದಕ್ಕೆ 425 ಘನ ಮೀಟರ್. ವಿನ್ಯಾಸದಲ್ಲಿ 12 ಸರದಿ, ಒಂದಕ್ಕೆ 500 ಇತ್ತು. ಡಿಕ್ಯಾಂಟರ್‌ಗೆ ಭಾರ ಆಗಲ್ಲ.

ಮೊದಲ 60 ನಿಮಿಷ ಗಾಳಿ ಇಲ್ಲದೆ ತುಂಬಿಸಿ. ಮಿಕ್ಸರ್ ಇಲ್ಲದಿದ್ದರೆ 10 ನಿಮಿಷಕ್ಕೊಮ್ಮೆ 1 ನಿಮಿಷ ಗಾಳಿ ಬಿಟ್ಟು ಕೆಸರು ಎಬ್ಬಿಸಿ. ಹಿಂದಿನ ಸರದಿಯ ನೀರಿನಲ್ಲಿ ಐದರಲ್ಲಿ ನಾಲ್ಕು ಪಾಲು ತೊಟ್ಟಿಯಲ್ಲೇ ಉಳಿದಿರುತ್ತೆ, ನೈಟ್ರೇಟ್ ಸಮೇತ. ಹೊಸ ಕೊಳಚೆ ಅದಕ್ಕೆ ಆಹಾರ. ಆಮೇಲೆ ಗಾಳಿ.

ಲ್ಯಾಬ್ ಬೆಂಚ್
ಒಂದೇ ಸಲ ನಿಲ್ಲಿಸಿದರೆ ಸಾಲಲ್ಲ ಸರ್. 280 ಕಿಲೋ ಅನ್ನು 8 ಸರದಿಗೆ ಹಂಚಿ, 35 ಕಿಲೋ. 2,000 ಘನ ಮೀಟರ್‌ನಲ್ಲಿ ಅದು ಲೀಟರಿಗೆ 17 ಮಿ.ಗ್ರಾಂ ನೈಟ್ರೇಟ್ ಸಾರಜನಕ. ಹಳೇದೆಲ್ಲ ಸೊನ್ನೆ ಆದರೂ ಈ ಸರದಿಯಲ್ಲಿ ಹುಟ್ಟೋ 17 ಕೆಸರು ಕೂರೋ ಹೊತ್ತಿಗೆ ಹಾಗೇ ಇರುತ್ತೆ. ತೇಲದೇ ಇರಬೇಕಂದ್ರೆ 8ರ ಒಳಗೆ ಬರಬೇಕು, 5 ಆದರೆ ನೆಮ್ಮದಿ.

ತುಂಬಿಸೋದನ್ನೇ ಎರಡು ಭಾಗ ಮಾಡಿ. 40 ನಿಮಿಷ ನಿಲ್ಲಿಸಿ, 60 ಗಾಳಿ, ಮತ್ತೆ 30 ನಿಲ್ಲಿಸಿ, 50 ಗಾಳಿ. ಇಷ್ಟೂ ಹೊತ್ತು ಒಳಗೆ ಕೊಳಚೆ ಬರ್ತಾನೇ ಇರಲಿ. ಅಲ್ಲಿಗೆ 180 ನಿಮಿಷ. ಒಳಹರಿವು ಇನ್ನೊಂದು ತೊಟ್ಟಿಗೆ ತಿರುಗಿದ ಮೇಲೆ 60 ಗಾಳಿ, 20 ನಿಲ್ಲಿಸಿ, 10 ಗಾಳಿ, 40 ಕೂರಲು, 45 ತೆಗೆಯಲು, 5 ಖಾಲಿ. ಒಟ್ಟು 360. ಗಾಳಿಯ ಹೊತ್ತು ಈಗಿನಷ್ಟೇ, ಸರದಿಯ ಅರ್ಧ. ನೈಟ್ರೇಟ್ ಎರಡು ಕಂತಲ್ಲಿ ಹುಟ್ಟಿ ಮೊದಲ ಕಂತು ಅಲ್ಲೇ ಕರಗೋದರಿಂದ ಕೊನೆಗೆ 8–9 ಉಳಿಯುತ್ತೆ, ಆ 20 ನಿಮಿಷ ಅದನ್ನ ಇನ್ನಷ್ಟು ಇಳಿಸುತ್ತೆ. ಕೊನೇ 10 ನಿಮಿಷದ ಗಾಳಿ ಕೆಸರಿಗೆ ಅಂಟಿದ ಗುಳ್ಳೆ ಬಿಡಿಸೋಕೆ. ಅದನ್ನ ಬಿಡಬೇಡಿ.

ಗಾಳಿಗುಳ್ಳೆ
ಒಪ್ಪಿದೆ, ನನ್ನದಕ್ಕಿಂತ ಇದು ಸರಿ. ಒಂದು ಸೇರಿಸ್ತೀನಿ. ಕೊನೆಯ 60 ನಿಮಿಷ ಡಿಒ 1–1.5 ಸಾಕು. ವಿಎಫ್‌ಡಿ (ಮೋಟಾರ್ ವೇಗ ಬದಲಿಸೋ ಸಾಧನ) ಇದ್ದರೆ ಇಳಿಸಿ, ಇಲ್ಲದಿದ್ದರೆ ಒಂದು ಬ್ಲೋವರ್ ಆರಿಸಿ. ಡಿಒ 3.5 ಇಟ್ಟುಕೊಂಡು ಗಾಳಿ ನಿಲ್ಲಿಸಿದರೆ ಆ 20 ನಿಮಿಷದಲ್ಲಿ ಅರ್ಧ ಆ ಆಮ್ಲಜನಕ ಮುಗಿಯೋಕೇ ಹೋಗುತ್ತೆ.

ಕೆಸರುಗಟ್ಟೆ
5,200 ಎಂಎಲ್‌ಎಸ್‌ಎಸ್ ಬಗ್ಗೆ ಯಾರೂ ಮಾತಾಡ್ಲಿಲ್ಲ.

ಎರಡೂ ತೊಟ್ಟಿಯಲ್ಲಿ 4,000 ಘನ ಮೀಟರ್ × 5.2 = 20,800 ಕಿಲೋ ಕೆಸರು. ಬಿಒಡಿ ಕಿಲೋಗೆ 0.8 ಕಿಲೋ ಹೊಸ ಕೆಸರು ಅಂದರೆ ದಿನಕ್ಕೆ 1,280 ಕಿಲೋ. ಕೆಸರಿನ ವಯಸ್ಸು 16 ದಿನ. ಈ ಬಿಸಿಲಿಗೆ ಅಷ್ಟು ವಯಸ್ಸು ಬೇಡ. 3,500ಕ್ಕೆ ಇಳಿಸಿದರೆ 11 ದಿನ. ಹಳೇ ಕೆಸರು ತಾನೇ ಉಸಿರಾಡೋಕೆ ತಿನ್ನೋ ಆಮ್ಲಜನಕವೂ ಉಳಿಯುತ್ತೆ.

ತೆಗೆಯಬೇಕಾದ ಹೆಚ್ಚುವರಿ 6,800 ಕಿಲೋ. ಒಂದೇ ವಾರದಲ್ಲಿ ಕಿತ್ತರೆ ತೊಟ್ಟಿ ಹದ ತಪ್ಪುತ್ತೆ. ಮೂರು ವಾರಕ್ಕೆ ಹಂಚಿ: ದಿನಕ್ಕೆ 1,280 + 320 = 1,600 ಕಿಲೋ. ತೆಗೆಯೋ ಕೆಸರು ಘನ ಮೀಟರಿಗೆ 8 ಕಿಲೋ ಇದ್ದರೆ ದಿನಕ್ಕೆ 200 ಘನ ಮೀಟರ್.

ಅದನ್ನ ನೇರ ಒಣಹಾಸಿಗೆಗೆ (ಕೆಸರು ಒಣಗಿಸೋ ಮರಳು ಹಾಸು) ಬಿಟ್ಟರೆ ಜಾಗ ಸಾಲಲ್ಲ. 20 ಸೆಂ.ಮೀ. ಪದರಕ್ಕೆ ದಿನಕ್ಕೆ 1,000 ಚದರ ಮೀಟರ್, 8 ದಿನ ಒಣಗಬೇಕು ಅಂದ್ರೆ 8,000. ಮೊದಲು ಥಿಕನರ್‌ನಲ್ಲಿ 2.5%ಗೆ ಗಟ್ಟಿ ಮಾಡಿ. 64 ಘನ ಮೀಟರ್ ಆಗುತ್ತೆ, 25 ಸೆಂ.ಮೀ. ಪದರಕ್ಕೆ ದಿನಕ್ಕೆ 256 ಚದರ ಮೀಟರ್, 8 ದಿನಕ್ಕೆ 2,050. ಅರ್ಧ ಎಕರೆ. ನಮ್ಮ ಬಿಸಿಲು ದೇವರು ಕೊಟ್ಟ ಯಂತ್ರ, ಕೆಸರಿನ ನೀರು ಹಿಂಡೋ ಸೆಂಟ್ರಿಫ್ಯೂಜ್‌ಗೆ ಪಾಲಿಮರ್ ದುಡ್ಡು ಯಾಕೆ ಸುರೀಬೇಕು? ಎರಡು ಬೆರಳು ಆಳ ಬಿರುಕು ಬಿಟ್ಟ ಮೇಲೆ ಸಲಿಕೆಯಿಂದ ಎತ್ತಿ. ಜೆಸಿಬಿ ಇಳಿಸಬೇಡಿ, ಕೆಳಗಿನ ಮರಳು ಜಲ್ಲಿ ಒಟ್ಟಿಗೇ ಹೋಗುತ್ತೆ.

ಟ್ವಿನ್‌ಲೋಬ್
ಮಳೆಗಾಲದಲ್ಲಿ ಏನ್ ಮಾಡ್ತೀರಿ? ಸೆಂಟ್ರಿಫ್ಯೂಜ್ ಪೂರ್ತಿ ಬೇಡ ಅನ್ನೋದು ಸರಿಯಲ್ಲ.

ಕೆಸರುಗಟ್ಟೆ
600 ಮಿ.ಮೀ. ಮಳೆ ಬೀಳೋ ಸೀಮೆ ಅದು. ಹಾಸಿಗೆ ಮೇಲೆ ಪಾರದರ್ಶಕ ಶೀಟಿನ ಸೂರು ಹಾಕಿದರೆ ಸಾಕು, ಪಕ್ಕ ತೆರೆದಿರಬೇಕು. ಸೆಪ್ಟೆಂಬರ್ ಒಂದು ತಿಂಗಳು ಬಾಡಿಗೆ ಯಂತ್ರ ತರಿಸಿ.

ಬೇಲಿಬಳ್ಳಿ
ಇಷ್ಟೆಲ್ಲ ಯಂತ್ರ ಯಾಕೆ? ಒಣಸೀಮೆಗೆ ಆಕ್ಸಿಡೇಶನ್ ಹೊಂಡಗಳೇ (ಕೊಳಚೆ ನಿಂತು ಬಿಸಿಲಲ್ಲಿ ತಾನೇ ತಿಳಿಯಾಗೋ ಹೊಂಡ) ಸರಿ. ಕರೆಂಟ್ ಬೇಡ, ಬಿಸಿಲು ಧಾರಾಳ, ಜಾಗ ಇದೆ. ಹುಳುವಿನ ಮೊಟ್ಟೆಯೂ ಕೂತುಹೋಗುತ್ತೆ.

ಕಿಲೋ ಲೆಕ್ಕ
ಹೊಂಡದ ಬಗ್ಗೆ ನನಗೂ ಗೌರವ ಇದೆ. ಆದರೆ ಲೆಕ್ಕ ಪೂರ್ತಿ ಹಾಕಿ. ಒಟ್ಟು 6 ಹೆಕ್ಟೇರ್ ಹೊಂಡ, ಮೇ ತಿಂಗಳಲ್ಲಿ ದಿನಕ್ಕೆ 8 ಮಿ.ಮೀ. ಆವಿ ಅಂದರೆ 480 ಘನ ಮೀಟರ್. 3,400ರಲ್ಲಿ 14% ನೀರು ಆಕಾಶಕ್ಕೆ. ಉಪ್ಪು ಮಾತ್ರ ಅಲ್ಲೇ. 2.2 ಇದ್ದ ಇಸಿ 2.5 ದಾಟುತ್ತೆ. ನೀರೇ ಇಲ್ಲದ ಸೀಮೆಯಲ್ಲಿ ದಿನಕ್ಕೆ ಐದು ಲಕ್ಷ ಲೀಟರ್ ಒಣಗಿಸೋದು ಅನ್ಯಾಯ.

ಮೊದಲ ಹೊಂಡ ಮಾತ್ರ ಆಳವಾಗಿ, 3–4 ಮೀಟರ್, ಗಾಳಿ ಇಲ್ಲದ ಹೊಂಡ ಮಾಡಿದರೆ ಚಿತ್ರ ಬದಲಾಗುತ್ತೆ. 25 ಡಿಗ್ರಿ ಮೇಲಿನ ನೀರಿನಲ್ಲಿ ಅದು ಒಂದೆರಡು ದಿನದಲ್ಲೇ 60–70% ಬಿಒಡಿ ಇಳಿಸುತ್ತೆ. ಹೆಕ್ಟೇರಿಗೆ ದಿನಕ್ಕೆ 350 ಕಿಲೋ ಅನ್ನೋ ಲೆಕ್ಕದಲ್ಲಿ ಎರಡನೇ ಹೊಂಡ 4.6 ಹೆಕ್ಟೇರ್ ಬದಲು 1.4ಕ್ಕೆ ಮುಗಿಯುತ್ತೆ. ಆವಿಯೂ ಕಡಿಮೆ.

ಬೇಲಿಬಳ್ಳಿ
ಹಾಗಾದ್ರೆ ಹೊಂಡವೇ ಗೆದ್ದಿತಲ್ಲ.

ಲ್ಯಾಬ್ ಬೆಂಚ್
ಬೋರ್ ನೀರಿನಲ್ಲಿ ಸಲ್ಫೇಟ್ ಎಷ್ಟಿದೆ ಅನ್ನೋದರ ಮೇಲೆ. ಲೀಟರಿಗೆ 300 ಮಿ.ಗ್ರಾಂ ದಾಟಿದ್ದರೆ ಗಾಳಿ ಇಲ್ಲದ ಹೊಂಡ ಕೊಳೆತ ಮೊಟ್ಟೆ ವಾಸನೆ ಬಿಡುತ್ತೆ, ಊರಿನವರು ಸುಮ್ಮನಿರಲ್ಲ.

ಮರುಭೂಮಿ ಪೈಪ್
ಜೋರ್ಡಾನ್ ಇದೇ ದಾರಿಯಲ್ಲಿ ಹೋಗಿ ಬಂದಿದೆ. ಅಮ್ಮಾನ್, ಝರ್ಕಾ ಊರುಗಳ ಕೊಳಚೆಗೆ ಅಸ್-ಸಮ್ರಾದಲ್ಲಿ 1985ರಲ್ಲಿ ಹೊಂಡಗಳನ್ನೇ ಮಾಡಿದ್ದರು, ಭಾರ ತಡೀಲಿಲ್ಲ. ಅಲ್ಲೂ ತಲೆಗೆ ನೀರು ಕಡಿಮೆ, ಹಾಗಾಗಿ ಕೊಳಚೆ ನಿಮ್ಮ ಊರಿಗಿಂತಲೂ ಗಟ್ಟಿ. 2008ರಲ್ಲಿ ಗಾಳಿ ಹಾಕುವ ಘಟಕ ಬಂತು, 2015ರ ವಿಸ್ತರಣೆ ಆದ ಮೇಲೆ ಸಾಮರ್ಥ್ಯ 364 ಎಂಎಲ್‌ಡಿ. ಅಮ್ಮಾನ್ ಎತ್ತರದಲ್ಲಿ, ಘಟಕ ತಗ್ಗಿನಲ್ಲಿ. ಇಳಿದು ಬರೋ ಕೊಳಚೆಯಿಂದಲೇ ಟರ್ಬೈನ್ ತಿರುಗಿಸ್ತಾರೆ, ಕೆಸರಿನಿಂದ ಅನಿಲ ತೆಗೀತಾರೆ, ಘಟಕಕ್ಕೆ ಬೇಕಾದ ವಿದ್ಯುತ್ತಿನ ಬಹುಪಾಲು ಅಲ್ಲೇ ಹುಟ್ಟುತ್ತೆ. ಹೊರಬಂದ ನೀರು ಕಿಂಗ್ ತಲಾಲ್ ಅಣೆಕಟ್ಟೆ ಸೇರಿ ಜೋರ್ಡಾನ್ ಕಣಿವೆಯ ಹೊಲಗಳಿಗೆ ಹೋಗುತ್ತೆ.

ಮಸಾರಿ
ಕುಡಿಯೋಕೂ ಮಾಡ್ತಾರಂತಲ್ಲ ಎಲ್ಲೋ?

ಮರುಭೂಮಿ ಪೈಪ್
ನಮೀಬಿಯಾದ ವಿಂಡ್‌ಹುಕ್. 1968ರಿಂದ. 2002ರ ಹೊಸ ಘಟಕ ದಿನಕ್ಕೆ 21,000 ಘನ ಮೀಟರ್. ಅಲ್ಲಿ ಕಾರ್ಖಾನೆ ಕೊಳಚೆಯನ್ನ ಮನೆ ಕೊಳಚೆಗೆ ಸೇರಿಸದೆ ಬೇರೆ ಇಟ್ಟಿದ್ದಾರೆ, ಅದೇ ಅದರ ಬುನಾದಿ. ಆದರೆ ಇಲ್ಲಿ ಪ್ರಶ್ನೆ ಈರುಳ್ಳಿ, ಅದಕ್ಕೆ ಬನ್ನಿ.

ಡೋಣಿ ದಂಡಿ
ಹೌದ್ರಿ, ಹೊಲದ ಮಾತ ಯಾರೂ ಆಡವಲ್ರಿ. ಎಸ್‌ಟಿಪಿ ಉಪ್ಪು ತೆಗಿಯೂದಿಲ್ಲ. ಎಂಥಾ ಎಸ್‌ಬಿಆರ್ ಇರ್ಲಿ, ಹೊಂಡ ಇರ್ಲಿ, ಒಳಗ ಬಂದ ಉಪ್ಪು ಹೊರಗ ಹೋಗತದ. ಡೋಣಿ ಹೊಳಿ ಸಾಲಿನ ಎರಿ ಭೂಮಿ ಮೊದಲ ಸವಳು, ಅದರ ಮ್ಯಾಲ ಇದು.

ಬೆಳಿ ಬದಲ ಮಾಡ್ರಿ. ಬೇರಿನ ಮಣ್ಣಿನ ಇಸಿ ಎಷ್ಟಕ್ಕ ಹೋದ್ರ ಇಳುವರಿ ಬೀಳ್ಲಿಕ್ಕೆ ಸುರು ಆಗತದ ಅನ್ನೂದು ಹಿಂಗದ: ಈರುಳ್ಳಿ 1.2, ಗೋವಿನಜೋಳ 1.7, ಶೇಂಗಾ 3.2, ಗೋದಿ 6, ಬಿಳಿಜೋಳ 6.8, ಹತ್ತಿ 7.7. ಉಪ್ಪನ್ನ ಬೇರಿನ ಕೆಳಗ ತೊಳಿಲಿಕ್ಕೆ ಎಷ್ಟು ಹೆಚ್ಚಿನ ನೀರು ಬೇಕು ಅಂದ್ರ, ನೀರಿನ ಇಸಿಯನ್ನ (5 × ಬೆಳಿ ಅಂಕಿ − ನೀರಿನ ಇಸಿ) ಇಂದ ಭಾಗಸ್ರಿ. 2.2 ನೀರಿಗೆ ಈರುಳ್ಳಿ: 2.2 ÷ 3.8, ಅಂದ್ರ 58%. ಹಾಸಿದ ನೀರಿನಾಗ ಅರ್ಧಕ್ಕಿಂತ ಹೆಚ್ಚು ಬರೇ ಉಪ್ಪು ತೊಳಿಲಿಕ್ಕೆ ಹೋಗಬೇಕು. ಎರಿ ಭೂಮ್ಯಾಗ ಅಷ್ಟು ನೀರು ಕೆಳಗ ಇಳಿಯೂದ ಇಲ್ಲ, ಜವುಳು ಆಗತದ. ಬಿಳಿಜೋಳ: 2.2 ÷ 31.8, ಅಂದ್ರ 7%. ಅದೇ ನೀರು, ಅದೇ ಹೊಲ.

ಮಸಾರಿ
ಜಿಪ್ಸಂ ಹಾಕಿದ್ರೆ ಬಿಳಿ ಪುಡಿ ಹೋಗುತ್ತೆ. ಎಕರೆಗೆ ಒಂದು ಟನ್.

ಡೋಣಿ ದಂಡಿ
ಇಲ್ರಿ ಅಣ್ಣಾ. ಬಿಳಿ ಪುಡಿ ಅಂದ್ರ ಕರಗೂ ಉಪ್ಪು, ಅದಕ್ಕ ತೊಳಿಯೂ ನೀರು, ಬಸಿಗಾಲುವಿ ಬೇಕು. ಜಿಪ್ಸಂ ಅಂದ್ರೂ ಒಂದು ಉಪ್ಪ. ಮಣ್ಣು ಹಸಿ ಇದ್ದಾಗ ಅಂಟು, ಒಣಗಿದಾಗ ಕಲ್ಲು, ಮ್ಯಾಲ ಕರಿ ಜಿಡ್ಡಿನ ಪದರ, ಪಿಎಚ್ 8.5ರ ಮ್ಯಾಲ ಇದ್ರ ಅದು ಸೋಡಿಯಂ ಕಾಟ. ಜಿಪ್ಸಂ ಅದಕ್ಕ. ಮಣ್ಣು ಪರೀಕ್ಷಾ ಮಾಡಸದ ಟನ್ನುಗಟ್ಟಲೆ ಹಾಕಬ್ಯಾಡ್ರಿ. ನೀರಿನ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಷಿಯಂ ಮೂರೂ ಅಳಸ್ರಿ, ಬರೇ ಟಿಡಿಎಸ್ ನೋಡಿದ್ರ ತಿಳಿಯೂದಿಲ್ಲ.

ಪುಟ್ಟಗಾಲುವೆ
ಉಪ್ಪು ಬರೋದು ಮನೆ ಮನೆಯ ಆರ್‌ಒ ಫಿಲ್ಟರ್‌ನಿಂದ. ಮೊದಲು ಅದನ್ನ ನಿಲ್ಲಿಸಬೇಕು.

ಲ್ಯಾಬ್ ಬೆಂಚ್
ಆರ್‌ಒ ಉಪ್ಪು ಹುಟ್ಟಿಸಲ್ಲ. ಒಂದೇ ಬಿಂದಿಗೆಯ ಉಪ್ಪನ್ನ ಎರಡು ಪಾಲು ಮಾಡುತ್ತೆ. ಸಪ್ಪೆ ನೀರನ್ನ ಕುಡೀತೀವಿ, ಉಪ್ಪು ನೀರನ್ನ ಚೆಲ್ತೀವಿ. ಕೊನೆಗೆ ಎರಡೂ ಅದೇ ಯುಜಿಡಿಗೆ (ಒಳಚರಂಡಿಗೆ) ಸೇರುತ್ತೆ, ಒಟ್ಟು ಉಪ್ಪು ಅಷ್ಟೇ. ಉಪ್ಪು ಸೇರಿಸೋದು ಸಾಫ್ಟನರ್. ಲಾಡ್ಜ್, ಆಸ್ಪತ್ರೆ, ದೊಡ್ಡ ಹೋಟೆಲ್‌ಗಳಲ್ಲಿ ಗಡಸು ನೀರು ಮೆದು ಮಾಡೋಕೆ ಚೀಲಗಟ್ಟಲೆ ಉಪ್ಪು ಕರಗಿಸಿ ತೊಳೀತಾರೆ, ಆ ಉಪ್ಪಿನ ಸೋಡಿಯಂ ಎಲ್ಲ ಕೊನೆಗೆ ಕೊಳಚೆಗೇ ಸೇರುತ್ತೆ. ಬಟ್ಟೆ ಸೋಪಿನ ಪುಡಿಯದ್ದೂ ಸೋಡಿಯಂ. ಇಸ್ರೇಲ್‌ನಲ್ಲಿ ಕೊಳಚೆ ನೀರಿನ ಬಹುಪಾಲು ಹೊಲಕ್ಕೇ ಹೋಗೋದರಿಂದ ಸೋಪಿನ ಪುಡಿಯಲ್ಲಿನ ಬೋರಾನ್‌ಗೆ ನಿಯಮದಲ್ಲೇ ಕಡಿವಾಣ ಹಾಕಿದ್ದಾರೆ.

ಹುಡುಕೋ ಕ್ರಮ ಹೀಗೆ. ಸರಬರಾಜು ನೀರಿನ ಟಿಡಿಎಸ್ ನೋಡಿ. ಮನೆ ಬಳಕೆಯಿಂದ ಸಾಮಾನ್ಯವಾಗಿ 200–400 ಮಿ.ಗ್ರಾಂ ಸೇರುತ್ತೆ. ನಲ್ಲಿ ನೀರು 1,050 ಇದ್ದು ಕೊಳಚೆ 1,400 ಇದ್ದರೆ ತಪ್ಪು ಬೋರ್‌ನದ್ದು, ಯುಜಿಡಿಯಲ್ಲಿ ಹುಡುಕಬೇಡಿ. ನಲ್ಲಿ ನೀರು 500 ಇದ್ದು ಕೊಳಚೆ 1,400 ಇದ್ದರೆ ಯಾರೋ ಉಪ್ಪು ಬಿಡ್ತಿದ್ದಾರೆ. ಆಗ ಕೈಯಲ್ಲಿ ಹಿಡಿಯೋ ಇಸಿ ಮೀಟರ್ ತಗೊಂಡು ದೊಡ್ಡ ಕೊಳವೆಯ ಚೇಂಬರ್‌ಗಳಲ್ಲಿ ಹಗ್ಗಕ್ಕೆ ಕಟ್ಟಿದ ಬಾಟಲಿ ಇಳಿಸಿ ನೀರು ತೆಗೆಯಿರಿ. ಬೆಳಗಿನ ಜಾವ 2ರಿಂದ 4, ಮತ್ತೆ 11 ಗಂಟೆಗೆ. ಇಸಿ ಎಲ್ಲಿ ದಿಢೀರ್ ಏರುತ್ತೋ ಆ ಕವಲು ಹಿಡಿದು ಮೇಲೆ ಹೋಗಿ.

ವೆಟ್‌ವೆಲ್
ಬಾಟಲಿ ಇಳಿಸಿ ಅಂದಿದ್ದು ಸರಿ, ಮನುಷ್ಯನನ್ನ ಇಳಿಸಬೇಡಿ. ಇದು ಸುಮ್ಮನೆ ಹೇಳೋ ಮಾತಲ್ಲ. ನೀರು ಅರ್ಧ ಆದಾಗ ಕೊಳವೆಯಲ್ಲಿ ವೇಗ ಸೆಕೆಂಡಿಗೆ 0.6 ಮೀಟರ್ ಮುಟ್ಟಲ್ಲ, ಕೆಸರು ತಳದಲ್ಲಿ ಕೂತು ಕೊಳೆಯುತ್ತೆ, ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತೆ. ಸ್ವಲ್ಪ ಇದ್ದಾಗ ಮೂಗಿಗೆ ಗೊತ್ತಾಗುತ್ತೆ, 100 ಪಿಪಿಎಂ ದಾಟಿದರೆ ಮೂಗು ಸತ್ತುಹೋಗುತ್ತೆ. ವಾಸನೆ ನಿಂತಿತು ಅಂದ್ರೆ ಅನಿಲ ಹೋಯ್ತು ಅಂತಲ್ಲ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಇರೋದೇ ಇದಕ್ಕೆ. ನೀರಿನ ರಭಸದಿಂದ ಕೊಳವೆ ತೊಳೆಯೋ ಜೆಟ್ಟಿಂಗ್ ಯಂತ್ರ ತರಿಸಿ, ಅದಿಲ್ಲದಿದ್ದರೆ ಕೆಲಸ ನಿಲ್ಲಿಸಿ.

ವೆಟ್‌ವೆಲ್ (ಪಂಪ್ ಎತ್ತೋ ಮುಂಚೆ ಕೊಳಚೆ ತುಂಬೋ ಬಾವಿ) ಫ್ಲೋಟ್ ಕೂಡ ನೋಡಿ. 6 ಎಂಎಲ್‌ಡಿ ಲೆಕ್ಕಕ್ಕೆ ಇಟ್ಟ ಮಟ್ಟ ಇವತ್ತಿನ 3.4ಕ್ಕೆ ಎತ್ತರ. ಪಂಪ್ ಐದು ನಿಮಿಷ ಓಡಿ, ಕೊಳಚೆ ಗಂಟೆಗಟ್ಟಲೆ ನಿಂತು ಹಳಸುತ್ತೆ. ಪಂಪ್ ಶುರುವಾಗೋ ಫ್ಲೋಟ್ ಕೆಳಗಿಳಿಸಿ, ಗಂಟೆಗೆ 6 ಸಲಕ್ಕಿಂತ ಹೆಚ್ಚು ಶುರುವಾಗದ ಹಾಗೆ. ಹಳಸಿದ ಕೊಳಚೆ ಘಟಕಕ್ಕೆ ಬಂದರೆ ಸಲ್ಫೈಡ್ ತಿನ್ನೋ ನೂಲುಜೀವಿ ಬೆಳೆದು, ಈಗ ಚೆನ್ನಾಗಿ ಕೂರೋ ಕೆಸರೂ ಉಬ್ಬುತ್ತೆ.

ಕೋಲಾರದ ಕೆರೆ
ನೈಟ್ರೇಟ್ ತೆಗೆಯೋ ಮಾತು ಬಂತಲ್ಲ, ನಮ್ಮ ಕಡೆ ಅದು ಇನ್ನೂ ಮುಖ್ಯ ಕಣ್ರೀ. ಬೆಂಗಳೂರಿನ ಕೆ.ಸಿ. ವ್ಯಾಲಿಯಿಂದ ಸಂಸ್ಕರಿಸಿದ ಕೊಳಚೆ ನೀರನ್ನ ನಮ್ಮ ಕೆರೆಗಳಿಗೆ ತರೋಕೆ 440 ಎಂಎಲ್‌ಡಿ ಅಂತ ಯೋಜನೆ ಮಾಡಿ 2018ರ ಜೂನ್‌ನಲ್ಲಿ ನೀರು ಬಿಟ್ಟರು. ಜುಲೈನಲ್ಲೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು, ಹೈಕೋರ್ಟ್ ತಡೆ ಕೊಡ್ತು. ಎರಡನೇ ಹಂತದ ಸಂಸ್ಕರಣೆ ಸಾಕಾ, ಮೂರನೇ ಹಂತ ಬೇಕಾ ಅನ್ನೋ ಜಗಳ ಅವತ್ತಿಂದಲೂ ಇದೆ. ಕೆರೆ ತುಂಬಿಸಿ ಬೋರ್‌ಗೆ ಇಂಗಿಸೋದಾದ್ರೆ ಕೆಳಗೆ ಹೋಗೋ ನೀರನ್ನೇ ನಾಳೆ ಜನ ಕುಡೀತಾರೆ. ಕುಡಿಯೋ ನೀರಿನಲ್ಲಿ ನೈಟ್ರೇಟ್ 45 ದಾಟಬಾರದು. ಸಾರಜನಕ 10 ಮಿ.ಗ್ರಾಂ ಅಂದ್ರೆ ನೈಟ್ರೇಟ್ 44. ಹಸಿರು ನ್ಯಾಯಮಂಡಳಿ 2019ರಲ್ಲಿ ಒಟ್ಟು ಸಾರಜನಕ 10 ಅಂದಿದ್ದು ಸರಿಯಾಗೇ ಇದೆ.

ಡೋಣಿ ದಂಡಿ
ನಿಮ್ಮ ಕೆರಿಗೆ ಸರಿ. ಹೊಲಕ್ಕ ಯಾಕ್ರಿ? 30 ಮಿ.ಗ್ರಾಂ ಸಾರಜನಕ ಇದ್ದ ನೀರು ಹೆಕ್ಟೇರಿಗೆ 5,000 ಘನ ಮೀಟರ್ ಹಾಸಿದ್ರ 150 ಕಿಲೋ ಸಾರಜನಕ ಆತು. ಯೂರಿಯಾ ಲೆಕ್ಕದಾಗ 325 ಕಿಲೋ, ಏಳು ಚೀಲದ ಮ್ಯಾಲ. ಕರೆಂಟ್ ಸುಟ್ಟು ಅದನ್ನ ಗಾಳಿಗೆ ಬಿಟ್ಟು, ರೈತ ಮತ್ತ ಅಂಗಡ್ಯಾಗ ಕೊಳ್ಳೂದು ಎಂಥಾ ನ್ಯಾಯ?

ಕೋಲಾರದ ಕೆರೆ
ಮಳೆಗಾಲದಲ್ಲಿ ಹೊಲಕ್ಕೆ ನೀರು ಬೇಡ ಅಂದಾಗ ಅದು ಎಲ್ಲಿಗೆ ಹೋಗುತ್ತೆ? ಹಳ್ಳಕ್ಕೆ, ಹಳ್ಳದಿಂದ ಕೆಳಗಿನ ಕೆರೆಗೆ.

ಡೋಣಿ ದಂಡಿ
ಅದು ಖರೆ. ಅದಕ್ಕ ಮಳಿಗಾಲಕ್ಕ ಒಂದು ಸರದಿ, ಬ್ಯಾಸಗಿಗೆ ಒಂದು ಸರದಿ ಇಡಬೇಕು. ಆದ್ರ ಈ ಘಟಕದಾಗ ನೈಟ್ರೇಟ್ ಉಳಿಸಿದ್ರ ಕೆಸರು ತೇಲತದ, ಅದಕ್ಕ ಇಲ್ಲಿ ತಗೀಬೇಕು. ಒಪ್ಪಿದೆ.

ಬೇಲಿಬಳ್ಳಿ
ಕ್ಲೋರಿನ್ ಹಾಕ್ತಾ ಇದ್ದಾರಾ? ಹಾಗಿದ್ರೆ ಹಸಿ ತಿನ್ನೋ ತರಕಾರಿಗೂ ಹಾಯಿಸಬಹುದು.

ಲ್ಯಾಬ್ ಬೆಂಚ್
ಬೇಡ. ಜಂತುಹುಳುವಿನ ಮೊಟ್ಟೆ ಕ್ಲೋರಿನ್‌ಗೆ ಬಗ್ಗಲ್ಲ. ಕೂರಿಸಬೇಕು ಇಲ್ಲ ಸೋಸಬೇಕು. ಲೀಟರಿಗೆ ಒಂದು ಮೊಟ್ಟೆಗಿಂತ ಹೆಚ್ಚಿರಬಾರದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಕೆಸರು ತೇಲಿ ಟಿಎಸ್‌ಎಸ್ 70 ಹೋಗ್ತಿರೋ ನೀರಿನಲ್ಲಿ ಮೊಟ್ಟೆ ಇಲ್ಲ ಅಂತ ಯಾರೂ ಹೇಳೋಕಾಗಲ್ಲ. ಅಮೋನಿಯಾ ಉಳಿದಿದ್ದರೆ ಹಾಕಿದ ಕ್ಲೋರಿನ್ ಅದರ ಜೊತೆ ಸೇರಿ ಕ್ಲೋರಮೈನ್ ಆಗುತ್ತೆ, ಬಲ ಕಮ್ಮಿ. ಟಿಎಸ್‌ಎಸ್ 10ಕ್ಕೆ ಇಳಿಯೋವರೆಗೂ ಆ ನೀರು ಸೊಪ್ಪು, ಸೌತೆ, ಈರುಳ್ಳಿಗೆ ಬೇಡ. ಜೋಳ, ಹತ್ತಿ, ಮೇವಿಗೆ ಇರಲಿ. ಮೇವಾದರೂ ಕೊಯ್ಯೋ ಎರಡು ವಾರ ಮುಂಚೆ ನೀರು ನಿಲ್ಲಿಸಿ ಬಿಸಿಲಿಗೆ ಬಿಡಬೇಕು.

ಎರೆನೆಲ
ಸಿಲಿಂಡರ್ ಪರೀಕ್ಷೆ ಮೂರು ಸಲ ಮಾಡಿಸಿದ್ದು. 30 ನಿಮಿಷಕ್ಕೆ 580 ಮಿ.ಲೀ., 5.2ರಿಂದ ಭಾಗಿಸಿದರೆ 112. 48ನೇ ನಿಮಿಷಕ್ಕೆ ಮುದ್ದೆ ಮೇಲೆದ್ದಿತು, ಕಡ್ಡಿ ಆಡಿಸಿದರೆ ಮತ್ತೆ ಮುಳುಗಿತು. ಪರೀಕ್ಷಾ ಪಟ್ಟಿಯಲ್ಲಿ ನೈಟ್ರೇಟ್ ಸಾರಜನಕ 20–25 ನಡುವೆ. ನಲ್ಲಿ ನೀರಿನ ಟಿಡಿಎಸ್ 1,080.

ಹಾಗಾದರೆ ಉಪ್ಪು ಬೋರ್‌ನದ್ದೇ. ಡಿಫ್ಯೂಸರ್ ಕೆಲಸ ಮೊದಲು, ಅದರ ಜೊತೆಗೇ ದಿನಕ್ಕೆ 1,600 ಕಿಲೋ ಕೆಸರು ತೆಗೆಯೋದು, ಆಮೇಲೆ 6 ಗಂಟೆಯ ಸರದಿ. ಒಂದೇ ತೊಟ್ಟಿ ಓಡುವಾಗ ಯಾವ ಸರದಿ ಇಡಲಿ?

ಗಾಳಿಗುಳ್ಳೆ
ಒಳಗೆ ಬರೋದು ನಿಲ್ಲಲ್ಲ, ಹಾಗಾಗಿ ಇನ್ನೊಂದು ತೊಟ್ಟಿ ಖಾಲಿ ಇರೋ ದಿನಗಳಲ್ಲಿ 4 ಗಂಟೆಯದ್ದನ್ನೇ ಇಡಿ, ದಿನಕ್ಕೆ 6 ಸರದಿ, ಒಂದಕ್ಕೆ 567 ಘನ ಮೀಟರ್. 500ಕ್ಕಿಂತ ಸ್ವಲ್ಪ ಜಾಸ್ತಿ, ಡಿಕ್ಯಾಂಟರ್ ನಿಧಾನ ಇಳಿಸಿ. ತಿಳಿಯಾಗುವಾಗ, ತೆಗೆಯುವಾಗ ಬರೋ ಕೊಳಚೆ ವೆಟ್‌ವೆಲ್‌ನಲ್ಲಿ ಹಿಡಿಯುತ್ತಾ ಮೊದಲೇ ಅಳೆದು ನೋಡಿ. ಎರಡು ಗಂಟೆಗೆ 283 ಘನ ಮೀಟರ್, ಬೆಳಿಗ್ಗೆ 7ರಿಂದ 9 ಅದರ ಎರಡರಷ್ಟು. ಹಿಡಿಯದಿದ್ದರೆ ಬೆಳಗಿನ ಆ ಎರಡು ಗಂಟೆ ತುಂಬುವ ಹೊತ್ತಿಗೆ ಬರುವ ಹಾಗೆ ಸರದಿ ಹೊಂದಿಸಿ.

ಟ್ವಿನ್‌ಲೋಬ್
ಖಾಲಿ ಮಾಡೋ ಮುಂಚೆ ಹೊಸ ಪೊರೆ, ಕ್ಲಾಂಪ್, ಓ-ರಿಂಗ್ ಸ್ಥಳಕ್ಕೆ ಬಂದಿವೆ ಅಂತ ಎಣಿಸಿ ನೋಡಿ. ಬಂದ ಮೇಲೇ ಪಂಪ್ ಹಾಕಿ.